ಅಜ್ಜನ ಕೋಟಿನಿಂದ ಮೊಮ್ಮಗಳ ಕೋಟು: ಕತ್ತರಿ ಹಿಡಿಯುವ ಮುಂಚೆ

ಪ್ರಶ್ನೆ: ನಮ್ಮ ತಂದೆಯವರ ಹಳೆಯ ಉಣ್ಣೆ ಕೋಟು ಮನೆಯಲ್ಲಿದೆ. ಮಂಡಿಯವರೆಗೆ ಬರುವ ಉದ್ದ, ಕಡು ಬೂದು ಬಣ್ಣ. ಮೊಣಕೈ ಸವೆದಿದೆ, ಒಂದೆರಡು ಕಡೆ ನುಸಿ ತಿಂದ ತೂತುಗಳಿವೆ. ಉಳಿದದ್ದು ಗಟ್ಟಿಯಾಗೇ ಇದೆ. ನನ್ನ ಐದು ವರ್ಷದ ಮಗಳಿಗೆ ಅದರಲ್ಲೇ ಚಳಿಗಾಲದ ಕೋಟು ಹೊಲಿಯುವ ಆಸೆ. ಫ್ರಾಕು, ಪೈಜಾಮ ಹೊಲಿದು ಅಭ್ಯಾಸವಿದೆ, ಕೋಟು ಹೊಲಿದಿಲ್ಲ. ಇರುವುದು ಮಾಮೂಲಿ ಮನೆ ಮಷಿನ್. ಕೋಟನ್ನು ಪೂರ್ತಿ ಬಿಚ್ಚಬೇಕಾ? ಒಳಗೆ ಏನು ಹಾಕಿದರೆ ಬೆಚ್ಚಗಿರುತ್ತದೆ? ಎರಡು ಚಳಿಗಾಲಕ್ಕಾದರೂ ಆಗುವಂತೆ ಹೊಲಿಯಬಹುದಾ?

ಉತ್ತರ: ಖಂಡಿತ ಹೊಲಿಯಬಹುದು. ಫ್ರಾಕಿಗೆ ಕಾಲರ್ ಕೂರಿಸಿ ಗೊತ್ತಿದ್ದವರಿಗೆ ಇದು ಕೈಗೆ ಮೀರಿದ ಕೆಲಸವಲ್ಲ. ಆದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹೊಸ ಬಟ್ಟೆ ತಂದಾಗ ಮೊದಲು ಡಿಸೈನ್ ನೋಡಿ, ಆಮೇಲೆ ಬಟ್ಟೆ ಕತ್ತರಿಸುತ್ತೇವೆ. ಹಳೆಯ ಕೋಟಿನಲ್ಲಿ ಇದು ತಿರುಗುಮುರುಗು. ಎಲ್ಲಿ ಗಟ್ಟಿ ಇದೆ, ಎಲ್ಲಿ ಸವೆದಿದೆ, ಯಾವ ತುಂಡು ಎಷ್ಟು ಅಗಲ ಸಿಗುತ್ತದೆ ಅಂತ ಮೊದಲು ನೋಡಬೇಕು. ಡಿಸೈನ್ ಆಮೇಲೆ. ಚಂದದ ಪ್ಯಾಟರ್ನ್ ಒಂದನ್ನು ಮನಸ್ಸಲ್ಲಿಟ್ಟುಕೊಂಡು ಬಟ್ಟೆಯನ್ನು ಅದಕ್ಕೆ ಎಳೆದಾಡಿದರೆ ಸವೆದ ಮೊಣಕೈ ಎದೆಯ ಮೇಲೆ ಬಂದು ಕೂರುತ್ತದೆ.

ಮೊದಲು ನುಸಿಯ ವಿಚಾರ ಮುಗಿಸಿ. ಬಟ್ಟೆ ತಿನ್ನುವುದು ಹಾರಾಡುವ ಪತಂಗವಲ್ಲ, ಅದರ ಮರಿಹುಳ. ತೂತು ಕಾಣುತ್ತಿದೆ ಅಂದರೆ ಮೊಟ್ಟೆಯೂ ಇರಬಹುದು. ಕೋಟನ್ನು ಚೆನ್ನಾಗಿ ಬ್ರಷ್ ಮಾಡಿ. ಕಾಲರಿನ ಕೆಳಗೆ, ಜೇಬಿನ ಒಳಗೆ, ಹೊಲಿಗೆಯ ಸಂದಿಯಲ್ಲಿ ಜಾಸ್ತಿ ಗಮನವಿರಲಿ. ಆಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ಹೋಗದಂತೆ ಕಟ್ಟಿ, ಮೈನಸ್ 18 ಡಿಗ್ರಿ ಇರುವ ಫ್ರೀಜರಿನಲ್ಲಿ ಎರಡು ವಾರ ಇಡಿ. ಹೊರಗೆ ತೆಗೆದ ಕೂಡಲೇ ಚೀಲ ಬಿಚ್ಚಬೇಡಿ. ತಣ್ಣಗಿರುವ ಬಟ್ಟೆಯ ಮೇಲೆ ನೀರು ಕೂರುತ್ತದೆ. ಕೋಣೆಯ ಬಿಸಿಗೆ ಬಂದ ಮೇಲೆ ಬಿಚ್ಚಿ.

ಬಟ್ಟೆ ನಿಜವಾಗಿ ಉಣ್ಣೆಯಾ ಅನ್ನುವುದನ್ನೂ ಒಮ್ಮೆ ನೋಡಿಕೊಳ್ಳಿ. ಹೊಲಿಗೆಯ ಒಳಗೆ ಬಿಟ್ಟ ಅಂಚಿನ ಬಟ್ಟೆ, ಅಂದರೆ ಮಾರ್ಜಿನ್‌ನಿಂದ ಒಂದೆರಡು ಎಳೆ ಎಳೆದು, ಚಿಮಟದಲ್ಲಿ ಹಿಡಿದು, ಕೆಳಗೊಂದು ಸ್ಟೀಲ್ ತಟ್ಟೆ ಇಟ್ಟು ಬೆಂಕಿ ಸೋಕಿಸಿ. ಉಣ್ಣೆ ಕೂದಲು ಸುಟ್ಟ ವಾಸನೆ ಕೊಡುತ್ತದೆ, ಬೆಂಕಿ ತೆಗೆದರೆ ತಾನೇ ಆರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಎರಡೂ ಕಂಡರೆ ಮಿಶ್ರಣ. ಮಿಶ್ರಣವಾದರೆ ಬೇಸರ ಬೇಡ, ಕೋಟು ಚೆನ್ನಾಗೇ ಬರುತ್ತದೆ. ಇಸ್ತ್ರಿಯ ಬಿಸಿ ಮಾತ್ರ ಕಡಿಮೆ ಇಟ್ಟುಕೊಳ್ಳಬೇಕು.

ಈಗ ನಿಮ್ಮ ಮೊದಲ ಪ್ರಶ್ನೆ. ಪೂರ್ತಿ ಬಿಚ್ಚಬೇಕು. ಹೊಲಿಗೆಯ ಪಕ್ಕದಲ್ಲಿ ಕತ್ತರಿ ಆಡಿಸಿದರೆ ಬೇಗ ಮುಗಿಯುತ್ತದೆ ನಿಜ. ಆದರೆ ಪ್ರತಿ ಹೊಲಿಗೆಯಲ್ಲೂ ಎರಡೂ ಕಡೆ ಒಂದೂವರೆ ಎರಡು ಸೆಂಟಿಮೀಟರ್ ಬಟ್ಟೆ ಹೋಗುತ್ತದೆ, ಆ ಬಟ್ಟೆ ನಿಮಗೆ ಬೇಕು. ಕೆಳ ಅಂಚಿನಲ್ಲಿ, ತೋಳಿನ ತುದಿಯಲ್ಲಿ ಮಡಚಿದ್ದು ಇನ್ನೂ ಜಾಸ್ತಿ. ಇಷ್ಟು ವರ್ಷ ಬಿಸಿಲು ಕಾಣದೆ, ಉಜ್ಜಾಟವಿಲ್ಲದೆ ಇದ್ದ ಬಟ್ಟೆ ಅದು. ಕೋಟಿನಲ್ಲಿ ಅದಕ್ಕಿಂತ ಒಳ್ಳೆಯ ಭಾಗ ಇಲ್ಲ.

ಬಿಚ್ಚುವ ಮುಂಚೆ ಕೋಟನ್ನು ನೆಲದ ಮೇಲೆ ಹರಡಿ, ಪ್ರತಿ ಭಾಗದ ಮೇಲೂ ಚಾಕ್‌ಪೀಸಿನಲ್ಲಿ ಕೆಳಮುಖವಾಗಿ ಒಂದು ಬಾಣ ಹಾಕಿ. ಎರಡು ಕಾರಣಕ್ಕೆ. ಒಂದು, ಉದ್ದದ ಎಳೆ ಯಾವ ಕಡೆ ಅಂತ ತುಂಡಾದ ಮೇಲೆ ಗೊತ್ತಾಗುವುದು ಕಷ್ಟ. ಇನ್ನೊಂದು, ಉಣ್ಣೆಯ ಮೇಲ್ಮೈಗೆ ದಿಕ್ಕಿದೆ. ಅಂಗೈ ಆಡಿಸಿ ನೋಡಿ, ಒಂದು ಕಡೆ ನಯ, ಇನ್ನೊಂದು ಕಡೆ ಒರಟು. ತುಂಡುಗಳನ್ನು ತಲೆಕೆಳಗು ಮಾಡಿ ಕತ್ತರಿಸಿದರೆ ಬೆಳಕಿನಲ್ಲಿ ಒಂದು ತೋಳು ಕಪ್ಪಾಗಿ, ಇನ್ನೊಂದು ಮಾಸಲಾಗಿ ಕಾಣುತ್ತದೆ. ಬಟ್ಟೆ ಒಂದೇ ಆದರೂ ಎರಡು ಬಣ್ಣ ಅನ್ನಿಸುತ್ತದೆ.

ಅಸ್ತರಿ, ಅಂದರೆ ಒಳಗಿನ ಲೈನಿಂಗ್ ಬಟ್ಟೆ ಮೊದಲು ಬಿಚ್ಚಿ, ಆಮೇಲೆ ತೋಳು, ಕಾಲರ್, ಕೊನೆಗೆ ಭುಜ ಮತ್ತು ಪಕ್ಕದ ಹೊಲಿಗೆ. ನಾಲ್ಕೈದು ಟಾಕಿಗೆ ಒಂದರಂತೆ ಸೀಮ್ ರಿಪ್ಪರಿನಲ್ಲಿ (ಹೊಲಿಗೆ ಬಿಚ್ಚುವ ಪುಟ್ಟ ಸಾಧನ) ಕತ್ತರಿಸುತ್ತಾ ಹೋಗಿ, ಇನ್ನೊಂದು ಬದಿಯ ದಾರ ಹಿಡಿದು ಎಳೆದರೆ ಉದ್ದಕ್ಕೆ ಬಿಟ್ಟುಕೊಳ್ಳುತ್ತದೆ. ರಿಪ್ಪರನ್ನು ಸಂದಿಯಲ್ಲಿ ಸರ್ರಂತ ತಳ್ಳಿಕೊಂಡು ಹೋಗಬೇಡಿ, ಉಣ್ಣೆಯಲ್ಲಿ ದಾರ ಯಾವುದು ಎಳೆ ಯಾವುದು ಅಂತ ಕಣ್ಣಿಗೆ ತಿಳಿಯುವುದಿಲ್ಲ. ಗುಂಡಿಗಳನ್ನು ಜೋಪಾನ ಮಾಡಿ. ದೊಡ್ಡವರ ಕೋಟಿನ ದೊಡ್ಡ ಗುಂಡಿ ಮಕ್ಕಳ ಪುಟ್ಟ ಬೆರಳಿಗೆ ಹಿಡಿಯಲು ಸುಲಭ.

ತುಂಡುಗಳಾದ ಮೇಲೆ ಒಗೆಯಿರಿ. ಇಡೀ ಕೋಟನ್ನು ನೀರಿಗೆ ಹಾಕುವುದಕ್ಕಿಂತ ಇದೇ ವಾಸಿ, ಯಾಕಂದರೆ ಮೇಲಿನ ಉಣ್ಣೆ, ಆಕಾರ ನಿಲ್ಲಲು ಒಳಗೆ ಹಾಕುವ ಗಟ್ಟಿ ಬಟ್ಟೆಯಾದ ಕ್ಯಾನ್ವಾಸ್, ಅಸ್ತರಿ ಒಂದೊಂದೂ ಒಂದೊಂದು ಅಳತೆಗೆ ಕುಗ್ಗುತ್ತವೆ. ಉಗುರುಬೆಚ್ಚಗಿನ ನೀರು, ಉಣ್ಣೆಗೆಂದೇ ಇರುವ ಸೋಪು. ತಿಕ್ಕಬೇಡಿ, ಹಿಂಡಬೇಡಿ. ಉಣ್ಣೆಯ ಎಳೆಯ ಮೇಲೆ ಸಣ್ಣ ಸಣ್ಣ ಪದರಗಳಿರುತ್ತವೆ. ಬಿಸಿ, ನೀರು, ಉಜ್ಜಾಟ ಮೂರೂ ಸೇರಿದರೆ ಅವು ಒಂದಕ್ಕೊಂದು ಕೊಕ್ಕೆ ಹಾಕಿಕೊಂಡು ಬಟ್ಟೆ ಕುಗ್ಗಿ ದಪ್ಪವಾಗುತ್ತದೆ, ಮತ್ತೆ ಮೊದಲಿನಂತೆ ಆಗುವುದಿಲ್ಲ. ಟವಲಿನಲ್ಲಿ ಸುತ್ತಿ ಒತ್ತಿ ನೀರು ತೆಗೆದು, ನೆರಳಲ್ಲಿ ಹರಡಿ ಒಣಗಿಸಿ. ಅಷ್ಟಿಷ್ಟು ಕುಗ್ಗುವುದು ಈಗಲೇ ಕುಗ್ಗಿಬಿಡಲಿ. ಹೊಸದಾಗಿ ಹಾಕುವ ಅಸ್ತರಿ, ಕ್ಯಾನ್ವಾಸುಗಳನ್ನೂ ಮೊದಲೇ ನೀರಲ್ಲಿ ಅದ್ದಿ ಒಣಗಿಸಿಟ್ಟುಕೊಳ್ಳಿ.

ಇನ್ನು ನಾನು ಅತಿ ಮುಖ್ಯ ಅಂದುಕೊಂಡಿರುವ ಕೆಲಸ. ಒಂದೊಂದೇ ತುಂಡನ್ನು ಕಿಟಕಿಗೆ ಹಿಡಿಯಿರಿ. ಗಟ್ಟಿ ಬಟ್ಟೆಯಲ್ಲಿ ಬೆಳಕು ಒಂದೇ ಸಮ ಮಂಕಾಗಿರುತ್ತದೆ. ಸವೆದ ಕಡೆ ನೇಯ್ಗೆಯ ಚೌಕ ಚೌಕ ಬಿಡಿಬಿಡಿಯಾಗಿ ಕಾಣುತ್ತದೆ. ನುಸಿ ಕಚ್ಚಿ ಬಿಟ್ಟ ಜಾಗ ಹೊರಗಿನಿಂದ ಸರಿ ಇದ್ದರೂ ಬೆಳಕಲ್ಲಿ ಸೂಜಿಮೊನೆಯಂಥ ಚುಕ್ಕೆಯಾಗಿ ಹೊಳೆಯುತ್ತದೆ. ಅವಕ್ಕೆಲ್ಲ ಚಾಕ್‌ಪೀಸಿನಲ್ಲಿ ಸುತ್ತು ಹಾಕಿ. ಅನುಮಾನ ಇದ್ದ ಕಡೆ ಎರಡು ಹೆಬ್ಬೆರಳನ್ನು ಹತ್ತಿರ ಹತ್ತಿರ ಇಟ್ಟು ಜಗ್ಗಿ ನೋಡಿ. ಎಳೆ ಸಡಿಲವಾಗಿ ಬಾಯಿ ಬಿಟ್ಟರೆ ಆ ಜಾಗ ಲೆಕ್ಕಕ್ಕಿಲ್ಲ. ಎಲ್ಲಿ ಜಗ್ಗಿದರೂ ಹೀಗೇ ಆದರೆ ಆ ಬಟ್ಟೆಯಲ್ಲಿ ಕೋಟು ಬೇಡ. ಇಷ್ಟು ಶ್ರಮ ಹಾಕಿ ಹೊಲಿದದ್ದು ಮೊದಲ ಜಾರುಬಂಡೆಗೇ ಹರಿದರೆ ಮಗುವಿಗೂ ಬೇಜಾರು, ನಿಮಗೂ ಬೇಜಾರು. ನೀವು ಹೇಳಿದ ಪ್ರಕಾರ ನಿಮ್ಮದು ಆ ಸ್ಥಿತಿಯಲ್ಲಿಲ್ಲ.

ಸಾಮಾನ್ಯವಾಗಿ ಸವೆಯುವುದು ಮೊಣಕೈ, ತೋಳಿನ ತುದಿ, ಜೇಬಿನ ಬಾಯಿ, ಕೂರುವ ಭಾಗ, ಕಾಲರಿನ ಮಡಿಕೆ. ಬೆನ್ನಿನ ಮೇಲ್ಭಾಗ ಮತ್ತು ಮುಂಭಾಗದಲ್ಲಿ ಜೇಬಿನಿಂದ ಕೆಳಗಿನ ಬಟ್ಟೆ ಬಹುತೇಕ ಗಟ್ಟಿ ಇರುತ್ತದೆ. ಎಲ್ಲರ ಕಣ್ಣಿಗೆ ಮೊದಲು ಬೀಳುವುದು ಮುಂಭಾಗ, ಅದಕ್ಕೆ ಈ ಒಳ್ಳೆಯ ಬಟ್ಟೆ ಮೀಸಲಿಡಿ. ಬಟ್ಟೆಯನ್ನು ಒಳಮಗ್ಗುಲು ಮಾಡಿಯೂ ನೋಡಿ. ಎರಡೂ ಕಡೆ ನೇಯ್ಗೆ ಒಂದೇ ಥರ ಇದ್ದು, ಒಳಭಾಗದ ಬಣ್ಣ ಮಾಸದೆ ಇದ್ದರೆ ಒಳಗಿನದ್ದನ್ನೇ ಹೊರಗೆ ಮಾಡಿಕೊಳ್ಳಿ. ಕೋಟು ಮಗುಚಿ ಹೊಲಿಯುವುದು ದರ್ಜಿಗಳ ಬಹಳ ಹಳೆಯ ವಿದ್ಯೆ, ಬೂದು ಬಣ್ಣಕ್ಕಂತೂ ಚೆನ್ನಾಗಿ ಒಪ್ಪುತ್ತದೆ.

ಮೊಣಕೈ ಸವೆದ ತೋಳನ್ನು ಬಿಸಾಡಬೇಡಿ. ಗಂಡಸರ ಕೋಟಿನ ತೋಳು ಸಾಮಾನ್ಯವಾಗಿ ಎರಡು ತುಂಡಿನದು, ಮೊಣಕೈ ಸವೆಯುವುದು ಹಿಂದಿನ ಹೊಲಿಗೆಯ ಅಕ್ಕಪಕ್ಕ. ದೊಡ್ಡ ತುಂಡು ಮಗುವಿನ ತೋಳಿಗೆ ಬೇಕಾದ್ದಕ್ಕಿಂತ ಉದ್ದಕ್ಕಂತೂ ಜಾಸ್ತಿಯೇ ಇರುತ್ತದೆ. ಮಗುವಿನ ತೋಳಿನ ಅಳತೆಗೆ ಕತ್ತರಿಸಿದ ಪೇಪರನ್ನು ಅದರ ಮೇಲಿಟ್ಟು, ಎಳೆ ಓರೆಯಾಗದಂತೆ ನೋಡಿಕೊಂಡು, ಮೇಲೆ ಕೆಳಗೆ ಪಕ್ಕಕ್ಕೆ ಸರಿಸಿ. ಸವೆದ ಪಟ್ಟಿ ಕತ್ತರಿಯ ಹೊರಗೆ ಬೀಳುವ ಜಾಗ ಬಹಳ ಸಲ ಸಿಗುತ್ತದೆ. ಅಗಲ ಸಾಲದಿದ್ದರೆ ಮಗುವಿನ ತೋಳನ್ನೂ ಎರಡು ತುಂಡಾಗಿ ಮಾಡಿ. ಜೋಡಣೆ ಬೇಕೇಬೇಕು ಅಂದಾಗ ಅದನ್ನು ಮುಚ್ಚಿಡಲು ಒದ್ದಾಡಬೇಡಿ. ಎದೆಯ ಮೇಲೆ ಅಡ್ಡಕ್ಕೆ ಒಂದು ಯೋಕ್ ಗೆರೆ (ಮೇಲಿನ ತುಂಡು, ಕೆಳಗಿನ ತುಂಡು ಸೇರುವ ಹೊಲಿಗೆ) ತಂದರೆ ಎರಡು ಸಣ್ಣ ತುಂಡುಗಳು ಬೇಕೆಂದೇ ಮಾಡಿದ ಡಿಸೈನ್ ಆಗುತ್ತವೆ. ಕಾಲರಿನ ಕೆಳಪದರ, ಮುಂಭಾಗದ ಒಳಪಟ್ಟಿ ಇವುಗಳಲ್ಲಿ ಎಷ್ಟು ಜೋಡಣೆ ಇದ್ದರೂ ಯಾರಿಗೂ ಕಾಣುವುದಿಲ್ಲ. ಸಣ್ಣ ನುಸಿ ತೂತಾದರೆ ಅದೇ ಬಟ್ಟೆಯಿಂದ ಎಳೆದ ಎಳೆಯಲ್ಲಿ ರಫು ಮಾಡಿ, ಇಲ್ಲವೇ ಅದರ ಮೇಲೆ ಜೇಬು ಕೂರಿಸಿ.

ಅಳತೆಗೆ ಬರೋಣ. ಎರಡು ಚಳಿಗಾಲದ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ. ಮಕ್ಕಳ ಕೋಟನ್ನು ದೊಡ್ಡದು ಮಾಡುವುದು ಅಂದರೆ ಎಲ್ಲ ಕಡೆ ಅಗಲ ಮಾಡುವುದು ಅಂತ ತುಂಬಾ ಜನ ತಿಳಿದಿದ್ದಾರೆ. ಈ ವಯಸ್ಸಿನ ಮಗು ವರ್ಷಕ್ಕೆ ಸುಮಾರು 5ರಿಂದ 7 ಸೆಂಟಿಮೀಟರ್ ಎತ್ತರ ಬೆಳೆಯುತ್ತದೆ. ಎದೆ ಸುತ್ತಳತೆ ಅಷ್ಟು ಬೇಗ ಹೆಚ್ಚುವುದಿಲ್ಲ. ಹಾಗಾಗಿ ಬೆಳವಣಿಗೆಗೆ ಜಾಗ ಬಿಡಬೇಕಾದ್ದು ಉದ್ದದಲ್ಲಿ. ಅಗಲದಲ್ಲಿ ಬಿಟ್ಟರೆ ಭುಜ ಜಾರುತ್ತದೆ, ಗಾಳಿ ಒಳಗೆ ನುಗ್ಗುತ್ತದೆ, ಬೆಚ್ಚಗಿರುವುದೇ ಇಲ್ಲ.

ಮಗಳಿಗೆ ದಪ್ಪ ಸ್ವೆಟರ್ ಹಾಕಿಸಿ, ಅದರ ಮೇಲೆ ಅಳತೆ ತೆಗೆಯಿರಿ. ಎದೆ ಅಳತೆಗೆ 12ರಿಂದ 14 ಸೆಂಟಿಮೀಟರ್ ಸೇರಿಸಿದರೆ ಸಾಕು. ತೋಳಿನ ಉದ್ದವನ್ನು ಕೈ ಮಡಚಿ ನಿಲ್ಲಿಸಿಯೇ ಅಳೆಯಿರಿ, ನೇರ ಕೈಯಲ್ಲಿ ತೆಗೆದ ಅಳತೆ ಆಟಕ್ಕಿಳಿದ ಕೂಡಲೇ ಗಿಡ್ಡವಾಗುತ್ತದೆ. ತೋಳಿನ ತುದಿಯಲ್ಲಿ 5, ಕೆಳ ಅಂಚಿನಲ್ಲಿ 6ರಿಂದ 7 ಸೆಂಟಿಮೀಟರ್ ಒಳಗೆ ಮಡಚಲು ಬಿಡಿ. ಕೋಟಿನ ಉದ್ದ ತೊಡೆಯ ನಡುಭಾಗದವರೆಗೆ ಇರಲಿ. ಮಂಡಿ ದಾಟಿದರೆ ಓಡುವಾಗ, ಮೆಟ್ಟಿಲು ಹತ್ತುವಾಗ ಕಾಲಿಗೆ ಸಿಕ್ಕುತ್ತದೆ.

ಡಿಸೈನಿಗೆ ನನ್ನ ಸಲಹೆ ಒಂದೇ. ಭುಜದಲ್ಲಿ ಕೂರಿಸುವ ಮಾಮೂಲಿ ತೋಳು ಬೇಡ, ಕತ್ತಿನಿಂದ ಓರೆಯಾಗಿ ಬರುವ ರಾಗ್ಲನ್ ತೋಳು ಮಾಡಿ. ದಪ್ಪ ಉಣ್ಣೆಯಲ್ಲಿ ತೋಳಿನ ಗುಂಡಗಿನ ತಲೆಯನ್ನು ಸುಕ್ಕಿಲ್ಲದೆ ಕೂರಿಸುವುದು ಕೈ ಪಳಗಿದವರಿಗೂ ತ್ರಾಸದ ಕೆಲಸ. ರಾಗ್ಲನ್‌ನಲ್ಲಿ ಅದಿಲ್ಲ, ಸುಮ್ನೆ ಉದ್ದ ಹೊಲಿಗೆ. ಮೇಲಾಗಿ ಭುಜದ ಅಳತೆ ಒಂದು ಕಡೆ ಕಟ್ಟಿಹಾಕದ ಕಾರಣ ಮುಂದಿನ ವರ್ಷವೂ ಹಿತವಾಗಿರುತ್ತದೆ. ನಿಮ್ಮ ತೋಳಿನ ತುಂಡು ಅದಕ್ಕೆ ಉದ್ದ ಸಾಲದೆ ಹೋದರೆ ಭುಜವನ್ನು ಸ್ವಲ್ಪ ಕೆಳಗಿಳಿಸಿದ, ತಲೆ ಹೆಚ್ಚು ಗುಂಡಗಿಲ್ಲದ ತೋಳೂ ಆಗುತ್ತದೆ.

ಉಣ್ಣೆಗೆ ಕತ್ತರಿ ಹಾಕುವ ಮುಂಚೆ ಹಳೆಯ ಬೆಡ್‌ಶೀಟಿನಲ್ಲಿ ಒಂದು ಕೋಟು ಕಚ್ಚಾ ಹೊಲಿಯಿರಿ. ಸ್ವೆಟರ್ ಮೇಲೆ ಹಾಕಿಸಿ, ಕೈ ಎತ್ತು, ಬಗ್ಗು, ಕುಕ್ಕರಗಾಲಲ್ಲಿ ಕೂರು ಅನ್ನಿ. ಎಲ್ಲಿ ಹಿಡಿಯುತ್ತದೆ ಅಂತ ಮಗುವೇ ಹೇಳುತ್ತದೆ. ಈ ಮೆಟ್ಟಿಲನ್ನು ದಯವಿಟ್ಟು ಬಿಡಬೇಡಿ. ಹೊಸ ಬಟ್ಟೆಯಾದರೆ ತಪ್ಪಾದಾಗ ಇನ್ನೊಂದು ಮೀಟರ್ ತರಬಹುದು. ತಂದೆಯ ಕೋಟು ಇರುವುದು ಒಂದೇ ಅಲ್ವಾ.

ಬೆಚ್ಚಗಿನ ವಿಚಾರ. ಬೆಚ್ಚಗಿಡುವುದು ಬಟ್ಟೆಯಲ್ಲ, ಬಟ್ಟೆಯೊಳಗೆ ಅಲುಗಾಡದೆ ನಿಂತ ಗಾಳಿ. ಹಾಗಾಗಿ ದಪ್ಪದ ಮೇಲೆ ದಪ್ಪ ಹಾಕಿ ಒತ್ತಿ ಹೊಲಿದರೆ ಭಾರ ಹೆಚ್ಚುತ್ತದೆ, ಬಿಸಿ ಹೆಚ್ಚುವುದಿಲ್ಲ. ಹೊರಗೆ ಉಣ್ಣೆ, ನಡುವೆ ಹಗುರವಾದ ಒಂದು ಪದರ, ಒಳಗೆ ಅಸ್ತರಿ. ಇಷ್ಟೇ ಸಾಕು. ನಡುವಿನ ಪದರಕ್ಕೆ ಮೆತ್ತಗಾದ ಫ್ಲಾನೆಲ್ ಶೀಟು ಅಥವಾ ಗಿಡ್ಡವಾದ ಫ್ಲೀಸ್ ಜಾಕೆಟ್ ಒಳ್ಳೆಯದು. ಫ್ಲೀಸ್ ಒಂದೇ ಇದ್ದರೆ ಗಾಳಿ ತೂರಿ ಬರುತ್ತದೆ, ಮೇಲೆ ಒತ್ತು ನೇಯ್ಗೆಯ ಉಣ್ಣೆ ಇದ್ದಾಗ ಅದರ ಗುಣ ಪೂರ್ತಿ ಸಿಗುತ್ತದೆ. ಈ ಪದರವನ್ನು ಅಸ್ತರಿಯ ಹಿಂಭಾಗಕ್ಕೆ ಇಟ್ಟು ಹತ್ತು ಸೆಂಟಿಮೀಟರಿಗೊಂದು ಉದ್ದ ಗೆರೆ ಹೊಲಿದರೆ ಜಾರುವುದಿಲ್ಲ. ಹೊಲಿಗೆ ಬರುವ ಅಂಚುಗಳಲ್ಲಿ ಮಾತ್ರ ಅದನ್ನು ಕತ್ತರಿಸಿ ತೆಗೆಯಿರಿ, ಇಲ್ಲವಾದರೆ ಮಷಿನ್ ಕಾಲಿನ ಕೆಳಗೆ ಗುಡ್ಡೆಯಾಗುತ್ತದೆ.

ತೋಳಿಗೆ ನಡುಪದರ ಬೇಡ, ಅಥವಾ ತೀರಾ ತೆಳುವಾದದ್ದು ಹಾಕಿ. ತೋಳಿನ ಅಸ್ತರಿ ಮಾತ್ರ ನುಣುಪಾಗಿರಲೇಬೇಕು, ಸ್ಯಾಟಿನ್ ಥರದ್ದು. ಇಲ್ಲದಿದ್ದರೆ ಕೋಟು ಹಾಕುವಾಗ ಸ್ವೆಟರಿನ ತೋಳು ಮೊಣಕೈವರೆಗೆ ಮುದುಡಿಕೊಳ್ಳುತ್ತದೆ, ದಿನಾ ಬೆಳಿಗ್ಗೆ ಜಗಳ. ಹಳೆಯ ಕೋಟಿನ ಅಸ್ತರಿಯನ್ನೇ ಬಳಸಬಹುದು. ಕಂಕುಳ ಭಾಗ ಬೆವರಿಗೆ ಜೀರ್ಣವಾಗಿರುತ್ತದೆ, ಅದನ್ನು ಬಿಟ್ಟು ಕತ್ತರಿಸಿ. ಬೆನ್ನಿನ ಅಸ್ತರಿಯ ನಡುವೆ ಎರಡು ಸೆಂಟಿಮೀಟರ್ ಆಳದ ಒಂದು ಮಡಿಕೆ ಕೊಡಿ. ಮಗು ಕೈ ಮುಂದೆ ಚಾಚಿದಾಗ ಹಿಗ್ಗಲು ಆ ಜಾಗ ಬೇಕು.

ಚಳಿ ನುಗ್ಗುವುದು ಮೂರು ಬಾಗಿಲಲ್ಲಿ: ಕತ್ತು, ಮಣಿಕಟ್ಟು, ಮುಂಭಾಗದ ಸೀಳು. ಎಷ್ಟೋ ದಪ್ಪ ಕೋಟುಗಳು ಚಳಿ ತಡೆಯದೆ ಇರುವುದು ಇಲ್ಲೇ. ಮುಂಭಾಗ ಒಂದರ ಮೇಲೊಂದು ಆರು ಸೆಂಟಿಮೀಟರಾದರೂ ಬರಲಿ. ಕಾಲರ್ ನಿಲ್ಲಿಸಿದರೆ ಕತ್ತು ಮುಚ್ಚುವಂತಿರಲಿ, ಚರ್ಮಕ್ಕೆ ತಾಗುವ ಕಡೆ ಮೆತ್ತನೆ ಹತ್ತಿಯ ಫ್ಲಾನೆಲ್ ಹಾಕಿ. ಉಣ್ಣೆ ಕತ್ತಿಗೆ ಚುಚ್ಚಿದರೆ ಮಕ್ಕಳು ಗುಂಡಿ ಬಿಚ್ಚಿಕೊಂಡೇ ಓಡಾಡುತ್ತಾರೆ.

ಮಣಿಕಟ್ಟಿಗೆ ನನಗೆ ಬಹಳ ಇಷ್ಟವಾದ ಉಪಾಯವೊಂದಿದೆ. ಹಳೆಯ ಸ್ವೆಟರಿನ ತೋಳಿನ ತುದಿಯಲ್ಲಿ ಹಿಗ್ಗುವ ಪಟ್ಟಿ ಇರುತ್ತದಲ್ಲ, ಅದನ್ನು ಕತ್ತರಿಸಿ ತೆಗೆಯಿರಿ. ಕತ್ತರಿಸುವ ಮುಂಚೆ ಗೆರೆಯ ಪಕ್ಕದಲ್ಲಿ ಜಿಗ್‌ಜಾಗ್ ಹೊಲಿದುಕೊಳ್ಳಿ, ಇಲ್ಲವಾದರೆ ಬಿಚ್ಚಿಕೊಂಡು ಹೋಗುತ್ತದೆ. ಆ ಪಟ್ಟಿಯನ್ನು ಕೋಟಿನ ತೋಳಿನ ಒಳಗೆ, ತುದಿಯಿಂದ ಮೂರು ಸೆಂಟಿಮೀಟರ್ ಮೇಲೆ, ಅಸ್ತರಿಗೆ ಮಾತ್ರ ಸೇರಿಸಿ ಹೊಲಿಯಿರಿ. ಹೊರಗಿನಿಂದ ಏನೂ ಕಾಣುವುದಿಲ್ಲ. ಪಟ್ಟಿ ಮಣಿಕಟ್ಟಿಗೆ ಹಿತವಾಗಿ ಕಚ್ಚಿಕೊಂಡು ಗಾಳಿಗೆ ದಾರಿ ಮುಚ್ಚುತ್ತದೆ. ಮುಂದಿನ ವರ್ಷ ತೋಳು ಒಂದು ಚೂರು ಗಿಡ್ಡವಾದರೂ ಇದೇ ಕಾಪಾಡುತ್ತದೆ.

ಹೊಲಿಗೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ, ನಿಮಗೆ ಗೊತ್ತಿದೆ. ಸೂಜಿ 16ನೇ ನಂಬರ್, ಪಾಲಿಯೆಸ್ಟರ್ ದಾರ, ಟಾಕು 3ರಿಂದ 3.5 ಮಿಲಿಮೀಟರ್. ಕಾಲಿನ ಒತ್ತಡ ಕಡಿಮೆ ಮಾಡುವ ತಿರುಪು ನಿಮ್ಮ ಮಷಿನ್‌ನಲ್ಲಿದ್ದರೆ ಸಡಿಲಿಸಿ. ಪಿನ್ನು ದಪ್ಪ ಬಟ್ಟೆಯನ್ನು ಓರೆ ಮಾಡುತ್ತದೆ, ಕಚ್ಚಾ ಹೊಲಿಗೆ ಹಾಕಿಕೊಳ್ಳುವುದೇ ಮೇಲು. ಜೇಬುಗಳನ್ನು ಬಟ್ಟೆ ಇನ್ನೂ ಚಪ್ಪಟೆ ಇರುವಾಗಲೇ ಮುಗಿಸಿ. ಮುಂಭಾಗದ ಅಂಚಿಗೆ, ಕಾಲರಿಗೆ ಅಂಟಿಸುವ ಕ್ಯಾನ್ವಾಸ್ ಹಾಕಿ, ಮೊದಲು ಚಿಂದಿಯ ಮೇಲೆ ಅಂಟಿಸಿ ನೋಡಿ. ಪ್ರತಿ ಹೊಲಿಗೆಯ ಒಳಗಿನ ಎರಡು ಪದರಗಳನ್ನು ಒಂದಕ್ಕಿಂತ ಒಂದು ಗಿಡ್ಡವಾಗಿ ಕತ್ತರಿಸಿದರೆ ಅಂಚು ಉಬ್ಬುವುದಿಲ್ಲ.

ಮನೆಯಲ್ಲಿ ಹೊಲಿದ ಕೋಟು ಮನೆಯಲ್ಲಿ ಹೊಲಿದಂತೆ ಕಾಣುವುದು ಬಹಳ ಮಟ್ಟಿಗೆ ಇಸ್ತ್ರಿಯ ಕೊರತೆಯಿಂದ. ಒಂದು ಹೊಲಿಗೆ ಮುಗಿದ ತಕ್ಷಣ ಮಾರ್ಜಿನ್ ಬಿಡಿಸಿ, ಮೇಲೆ ಒದ್ದೆ ಹತ್ತಿ ಬಟ್ಟೆ ಹಾಸಿ, ಇಸ್ತ್ರಿಯನ್ನು ಇಡಿ, ಎತ್ತಿ, ಮತ್ತೆ ಇಡಿ. ಎಳೆದಾಡಬೇಡಿ. ಹಬೆ ಏಳುತ್ತಿರುವಾಗಲೇ ನಯವಾದ ಒಂದು ಮರದ ತುಂಡನ್ನು ಮೇಲೆ ಒತ್ತಿ ಹಿಡಿದು, ಬಟ್ಟೆ ತಣ್ಣಗಾಗುವವರೆಗೆ ಕಾಯಿರಿ. ಮರ ಹಬೆಯನ್ನು ಹೀರಿಕೊಂಡು ಹೊಲಿಗೆ ಚಪ್ಪಟೆಯಾಗಿ ಕೂರುತ್ತದೆ. ಬಿಸಿ ಇರುವಾಗಲೇ ಎತ್ತಿದರೆ ಮತ್ತೆ ಉಬ್ಬಿಕೊಳ್ಳುತ್ತದೆ. ಪ್ರತಿ ಹೊಲಿಗೆಗೂ ಹೀಗೇ ಮಾಡಿ.

ಗುಂಡಿಯ ಹಿಂದೆ, ಬಟ್ಟೆಯ ಒಳಮಗ್ಗುಲಲ್ಲಿ ಸಣ್ಣ ಚಪ್ಪಟೆ ಗುಂಡಿಯೊಂದನ್ನು ಜೊತೆಗೇ ಸೇರಿಸಿ ಹೊಲಿಯಿರಿ, ಎಳೆದರೂ ಬಟ್ಟೆ ಹರಿಯುವುದಿಲ್ಲ. ಗುಂಡಿಗೂ ಬಟ್ಟೆಗೂ ನಡುವೆ ಬೆಂಕಿಕಡ್ಡಿ ಇಟ್ಟು ಹೊಲಿದು, ಆಮೇಲೆ ಕಡ್ಡಿ ತೆಗೆದು ದಾರ ಸುತ್ತಿದರೆ ದಪ್ಪ ಬಟ್ಟೆಗೆ ಬೇಕಾದ ಕುತ್ತಿಗೆ ಬರುತ್ತದೆ. ಮಷಿನ್‌ನಲ್ಲಿ ಕಾಜಾ ಸರಿ ಬರದಿದ್ದರೆ ದೊಡ್ಡ ಟಿಚ್ ಬಟನ್ ಹಾಕಿ, ಅಂದಕ್ಕೆ ಮೇಲೆ ತಂದೆಯ ಕೋಟಿನ ಗುಂಡಿ ಕೂರಿಸಿ. ತಂಗಿ ತಮ್ಮಂದಿರಿಗೆ ಈ ಕೋಟು ಇಳಿಯುವುದಿದ್ದರೆ, ಮೂರು ವರ್ಷದೊಳಗಿನ ಮಕ್ಕಳು ಗುಂಡಿ ಬಾಯಿಗೆ ಹಾಕಿಕೊಳ್ಳುತ್ತಾರೆ ಅನ್ನುವುದು ನೆನಪಿರಲಿ. ಎಳೆದು ಪರೀಕ್ಷಿಸಿಯೇ ಕೊಡಿ.

ಹುಡ್ ಮಾಡುವ ಮನಸ್ಸಿದ್ದರೆ ಮಾಡಿ, ಆದರೆ ಅದಕ್ಕೆ ಎಳೆಯುವ ದಾರ ಹಾಕಲೇಬೇಡಿ. ಕತ್ತಿನ ಬಳಿಯ ದಾರ ಜಾರುಬಂಡೆಯ ಸಂದಿಯಲ್ಲಿ, ವಾಹನದ ಬಾಗಿಲಲ್ಲಿ ಸಿಕ್ಕಿಕೊಂಡು ಮಕ್ಕಳು ಪ್ರಾಣ ಕಳೆದುಕೊಂಡ ಉದಾಹರಣೆಗಳಿವೆ. ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ 1996ರಲ್ಲೇ ಇದರ ಬಗ್ಗೆ ಮಾರ್ಗಸೂಚಿ ಹೊರಡಿಸಿತು. ಯುರೋಪಿನ ಇಎನ್ 14682 ಮಾನದಂಡವೂ ಚಿಕ್ಕ ಮಕ್ಕಳ ಉಡುಪಿನಲ್ಲಿ ಕತ್ತು ಮತ್ತು ಹುಡ್‌ಗೆ ಇಂಥ ದಾರ ಇರಬಾರದು ಅನ್ನುತ್ತದೆ. ದಾರದ ಬದಲು ಹುಡ್‌ನ ಅಂಚಿನೊಳಗೆ ಸ್ವಲ್ಪ ಎಲಾಸ್ಟಿಕ್ ಹಾಕಿ ಅಲ್ಲೇ ಹೊಲಿದುಬಿಡಿ, ತುದಿ ಹೊರಗೆ ಬರಬಾರದು. ಕಾರಿನ ಮಕ್ಕಳ ಸೀಟಿನಲ್ಲಿ ಕೂರಿಸುವಾಗ ದಪ್ಪ ಕೋಟು ಬಿಚ್ಚಿಸಿ, ಬೆಲ್ಟ್ ಬಿಗಿದು, ಕೋಟನ್ನು ಮೇಲೆ ಹೊದಿಸಿ. ಕೋಟಿನ ಮೇಲೆ ಬಿಗಿದ ಬೆಲ್ಟ್ ಬಿಗಿಯಾದಂತೆ ಕಂಡರೂ ಒಳಗೆ ಸಡಿಲ ಉಳಿದಿರುತ್ತದೆ. ಇನ್ನು, ಕಡು ಬೂದು ಬಣ್ಣ ಮುಸ್ಸಂಜೆಯಲ್ಲಿ ಕಣ್ಣಿಗೇ ಬೀಳುವುದಿಲ್ಲ. ತೋಳಿಗೋ ಬೆನ್ನಿಗೋ ಬೆಳಕು ಬಿದ್ದರೆ ಹೊಳೆಯುವ ಪಟ್ಟಿ ಒಂದು ಗೆರೆ ಹೊಲಿಯಿರಿ.

ಕೆಳ ಅಂಚು ಮತ್ತು ತೋಳಿನ ತುದಿಯನ್ನು ಮಷಿನ್‌ನಲ್ಲಿ ಹೊಲಿಯಬೇಡಿ, ಕೈಯಲ್ಲಿ ಹೆಮ್ಮಿಂಗ್ ಮಾಡಿ. ಮುಂದಿನ ಚಳಿಗಾಲಕ್ಕೆ ಬಿಚ್ಚಿ ಇಳಿಸುವುದು ಅದನ್ನೇ. ಅಸ್ತರಿಯ ತುದಿಯಲ್ಲೂ ಅಷ್ಟೇ ಮಡಿಕೆ ಬಿಟ್ಟಿರಿ, ಅದಿಲ್ಲದಿದ್ದರೆ ಮೇಲಿನದು ಇಳಿದರೂ ಒಳಗಿನದು ಎಳೆದು ಹಿಡಿಯುತ್ತದೆ. ಇಳಿಸಿದಾಗ ಹಳೆಯ ಮಡಿಕೆಯ ಗೆರೆ ಉಳಿಯುತ್ತದೆ. ಬಿಳಿ ವಿನೆಗರನ್ನು ಅಷ್ಟೇ ನೀರಿಗೆ ಬೆರೆಸಿ, ಬಟ್ಟೆಯಲ್ಲಿ ಅದ್ದಿ, ಗೆರೆಯ ಮೇಲೆ ಹಾಸಿ ಹಬೆ ಕೊಟ್ಟರೆ ಬಹುಪಾಲು ಹೋಗುತ್ತದೆ. ಮೊದಲು ಒಂದು ಚಿಂದಿಯ ಮೇಲೆ ಬಣ್ಣ ಬಿಡುತ್ತದಾ ನೋಡಿ. ಆ ಚಿಂದಿಗೆಂದೇ ಉಳಿದ ತುಂಡುಗಳನ್ನು, ಒಂದೆರಡು ಗುಂಡಿ ಮತ್ತು ಅದೇ ಬಣ್ಣದ ದಾರದ ಜೊತೆ, ಒಂದು ಚೀಲದಲ್ಲಿ ಕಟ್ಟಿಡಿ. ಗೆರೆ ಸವೆದು ಬೆಳ್ಳಗಾಗಿದ್ದರೆ ವಿನೆಗರಿಗೂ ಜಗ್ಗುವುದಿಲ್ಲ, ಆಗ ಅದರ ಮೇಲೆ ಒಂದು ಬಣ್ಣದ ಪಟ್ಟಿ ಹೊಲಿಯಿರಿ.